ಅರಸನ ಕೆರೆ, ಒಕ್ಕಲಿನ ತೆರಿಗೆ: ವಿಜಯನಗರದ ಅರ್ಥನೀತಿಯನ್ನು ಕುರಿತ ವಾದಗಳ ಪರಿಶೀಲನೆ

1

1535ರಿಂದ 1537ರವರೆಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ ಫೆರ್ನಾವೊ ನ್ಯೂನಿಜ್ ಬರೆದ ವೃತ್ತಾಂತದಲ್ಲಿ ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಎರಡು ಹೇಳಿಕೆಗಳಿವೆ. ಕೃಷ್ಣದೇವರಾಯನು ರಾಜಧಾನಿಯ ಬಳಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿ, ಅದರ ನೀರುಣ್ಣುವ ಭೂಮಿಯನ್ನು ಜನರು ಹದಗೊಳಿಸಿಕೊಳ್ಳಲೆಂದು ಒಂಬತ್ತು ವರ್ಷ ತೆರಿಗೆಯಿಲ್ಲದೆ ಬಿಟ್ಟುಕೊಟ್ಟನೆಂಬುದು ಮೊದಲನೆಯದು. ಆ ಭೂಮಿಯಿಂದ ತನ್ನ ಕಾಲಕ್ಕೆ 20,000 ಪರದಾವುಗಳ ಹುಟ್ಟುವಳಿ ಬರುತ್ತಿತ್ತೆಂದೂ ಅವನು ಬರೆಯುತ್ತಾನೆ. ಈ ದೇಶದ ಒಕ್ಕಲುಗಳು ಬೆಳೆದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಭೂಮಿ ಹಿಡಿದ ಒಡೆಯರಿಗೆ ತೆರುತ್ತಾರೆ, ಆ ಒಡೆಯರ ದಬ್ಬಾಳಿಕೆಯಿಂದ ಸಾಮಾನ್ಯರು ಬಹಳ ಕಷ್ಟಪಡುತ್ತಾರೆ ಎಂಬುದು ಎರಡನೆಯದು.

ವಿಜಯನಗರ ಪ್ರಭುತ್ವದ ಅರ್ಥನೀತಿಯ ಬಗ್ಗೆ ಈ ನೂರು ವರ್ಷಗಳಿಗೂ ಮೀರಿ ನಡೆದಿರುವ ಚರ್ಚೆಯನ್ನು ಈ ಎರಡು ಹೇಳಿಕೆಗಳ ನಡುವಿನ ಎಳೆದಾಟವೆಂದು ಕರೆದರೆ ತಪ್ಪಾಗಲಾರದು. ಮೊದಲನೆಯದನ್ನು ಹಿಡಿದವರಿಗೆ ಕೃಷ್ಣದೇವರಾಯನು ದೂರದರ್ಶಿಯಾದ ನಾಯಕನಾಗಿ ಕಾಣಿಸುತ್ತಾನೆ. ಎರಡನೆಯದನ್ನು ಹಿಡಿದವರಿಗೆ ಪ್ರಭುತ್ವವು ಒಕ್ಕಲಿನ ಬೆವರನ್ನು ಹೀರುವ ಯಂತ್ರವಾಗಿ ಕಾಣಿಸುತ್ತದೆ. ಮೂರನೆಯ ಗುಂಪಿನವರಿಗಂತೂ ನೀತಿಯೆಂದು ಕರೆಯಬಹುದಾದ ಒಂದು ವಸ್ತುವೇ ಅಲ್ಲಿತ್ತೆಂಬುದು ಸಂದೇಹಾಸ್ಪದ. ನಾವು ಇತಿಹಾಸಕಾರರಲ್ಲ, ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳು. ಆದರೆ ಈ ವಾದಗಳು ನಿಂತಿರುವುದು ಬರಹಗಳ ಮೇಲೆ. ಯಾವ ಬರಹವನ್ನು ಹೇಗೆ ಓದಬೇಕೆಂಬ ಪ್ರಶ್ನೆ ನಮ್ಮ ಶಾಸ್ತ್ರಕ್ಕೂ ಸೇರಿದುದು. ಆ ದೃಷ್ಟಿಯಿಂದ ಮುಖ್ಯ ವಾದಗಳನ್ನು ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2

1900ರಲ್ಲಿ ರಾಬರ್ಟ್ ಸೆವೆಲ್ ಪಾಯೆಸ್ ಮತ್ತು ನ್ಯೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು, ಮರೆತುಹೋಗಿದ್ದ ಸಾಮ್ರಾಜ್ಯವೆಂದು ವಿಜಯನಗರವನ್ನು ಪರಿಚಯಿಸಿದನು. ಅಲ್ಲಿಂದ ಮುಂದಿನ ಅರ್ಧ ಶತಮಾನದಲ್ಲಿ ಭಾರತೀಯ ವಿದ್ವಾಂಸರು ಆ ಚಿತ್ರಕ್ಕೆ ಶಾಸನ ಮತ್ತು ಸಾಹಿತ್ಯದ ಆಧಾರಗಳನ್ನು ಕೂಡಿಸಿದರು. ಬಿ. ಎ. ಸಾಲೆತೊರೆಯವರ ಎರಡು ಸಂಪುಟಗಳು 1934ರಲ್ಲಿ ಬಂದವು. ಮರುವರ್ಷ ಎನ್. ವೆಂಕಟರಮಣಯ್ಯನವರು ತುಳುವ ವಂಶವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಟಿ. ವಿ. ಮಹಾಲಿಂಗಂ ಅವರು 1940ರಲ್ಲಿ ಆಡಳಿತವನ್ನೂ 1951ರಲ್ಲಿ ಆರ್ಥಿಕ ಜೀವನವನ್ನೂ ವಿವರಿಸಿದರು. ಕೆ. ಎ. ನೀಲಕಂಠಶಾಸ್ತ್ರಿಗಳ ದಕ್ಷಿಣ ಭಾರತದ ಇತಿಹಾಸ 1955ರದು. ತೆರಿಗೆಗಳ ಹೆಸರುಗಳು, ಅಳತೆಗಳು, ನಾಣ್ಯಗಳು, ಸುಂಕದ ಕಟ್ಟೆಗಳು ಇವೆಲ್ಲವನ್ನೂ ಇವರು ಕಲೆಹಾಕಿದ ಶ್ರಮಕ್ಕೆ ಇಂದಿಗೂ ನಾವು ಋಣಿಗಳು.

ಈ ಪರಂಪರೆಯ ಚಿತ್ರದ ನಡುವೆ ಅರಸನಿದ್ದಾನೆ. ಕೆರೆಯನ್ನು ಕಟ್ಟಿಸುವವನು, ಸುಂಕವನ್ನು ಇಳಿಸುವವನು, ವ್ಯಾಪಾರಿಯನ್ನು ಕಾಯುವವನು ಅವನೇ. ಶಾಸನಗಳಲ್ಲಿ ಬರುವ ‘ಪೂರ್ವದ ಮರ್ಯಾದೆ’ ಎಂಬ ಮಾತನ್ನು ಹಿಡಿದು ಸಾಲೆತೊರೆಯವರು ಅರಸನೂ ಮೀರಲಾಗದ ಹಳೆಯ ಕಟ್ಟಳೆಯೊಂದನ್ನು ಗುರುತಿಸಿದರು. ನೀಲಕಂಠಶಾಸ್ತ್ರಿಗಳ ನಿಲುವು ಕಾಲಕ್ರಮದಲ್ಲಿ ಬದಲಾಯಿತು. ಯುದ್ಧಕ್ಕಾಗಿ ಸಜ್ಜಾದ ರಾಜ್ಯವೆಂದು ವಿಜಯನಗರವನ್ನು ವರ್ಣಿಸಿದ ಅವರೇ ಮುಂದೆ ಅದನ್ನು ಬಲಿಷ್ಠನಾದ ಒಬ್ಬನ ಮುಂದಾಳುತನದಲ್ಲಿ ಕೂಡಿಕೊಂಡ ದಂಡನಾಯಕರ ಒಕ್ಕೂಟವೆಂದು ಬಗೆದರು. ಪರಂಪರೆಯ ಒಳಗಿನಿಂದಲೇ ಬಂದ ಈ ಸಂದೇಹವನ್ನು ಅನಂತರದ ಓದುಗರು ಸಾಕಷ್ಟು ಗಮನಿಸಲಿಲ್ಲ.

ಈ ಬರವಣಿಗೆಯ ಕಾಲವನ್ನೂ ನೆನೆಯಬೇಕು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂದಿತ್ತು. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮಾರಕ ಸಂಪುಟವು 1936ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಹರಿದು ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸುವ ಹಂಬಲಕ್ಕೆ ಒಬ್ಬ ಸಮರ್ಥ ಅರಸ, ಒಂದು ಸುವ್ಯವಸ್ಥಿತ ಆಡಳಿತ ಬೇಕಾಗಿತ್ತು. ಆ ಹಂಬಲ ಗೌರವಾರ್ಹವಾದುದು. ಆದರೆ ಹಂಬಲವು ಆಧಾರದ ಸ್ಥಾನವನ್ನು ಆಕ್ರಮಿಸಿದಲ್ಲಿ ಎಚ್ಚರ ಅಗತ್ಯ.

3

ಈ ಚಿತ್ರವನ್ನು ಬುಡಸಮೇತ ಪ್ರಶ್ನಿಸಿದವರು ಬರ್ಟನ್ ಸ್ಟೈನ್. ತಿರುಪತಿ ದೇವಾಲಯವನ್ನು ಕುರಿತ 1960ರ ಲೇಖನದಲ್ಲೇ ಅವರು ಮುಖ್ಯವಾದ ಸಂಗತಿಯೊಂದನ್ನು ತೋರಿಸಿದ್ದರು. ಭಕ್ತರು ದೇವರಿಗೆ ಕೊಟ್ಟ ಹಣವನ್ನು ದೇವಾಲಯವು ತನ್ನ ಗ್ರಾಮಗಳ ಕೆರೆಕಾಲುವೆಗಳಿಗೆ ತೊಡಗಿಸುತ್ತಿತ್ತು. ಹೆಚ್ಚಿದ ಹುಟ್ಟುವಳಿಯಿಂದ ದಾನಿಯ ಹೆಸರಿನ ಸೇವೆ ನಡೆಯುತ್ತಿತ್ತು. ಎಂದರೆ ನೀರಾವರಿಯ ಬಂಡವಾಳ ಅರಮನೆಯ ಭಂಡಾರದಿಂದಲೇ ಬರಬೇಕಾಗಿರಲಿಲ್ಲ. 1980ರ ಬೃಹದ್‌ಗ್ರಂಥದಲ್ಲಿ ಸ್ಟೈನ್ ಇನ್ನೂ ಮುಂದೆ ಹೋದರು. ಆಫ್ರಿಕದ ಅಲೂರ್ ಜನರನ್ನು ಕುರಿತು ಏಡನ್ ಸೌಥಾಲ್ ರೂಪಿಸಿದ ಖಂಡರಾಜ್ಯದ ಕಲ್ಪನೆಯನ್ನು ತಂದು, ದಕ್ಷಿಣದ ಅರಸರಿಗೆ ದೂರದ ಸೀಮೆಗಳ ಮೇಲಿದ್ದುದು ವಿಧಿಪೂರ್ವಕವಾದ ಒಡೆತನವೇ ಹೊರತು ತೆರಿಗೆ ಎತ್ತುವ ನಿಜವಾದ ಹಿಡಿತವಲ್ಲವೆಂದು ವಾದಿಸಿದರು. ಈ ವಾದವನ್ನು ಒಪ್ಪಿದರೆ ರಾಜ್ಯಕ್ಕೆಲ್ಲ ಅನ್ವಯಿಸುವ ಅರ್ಥನೀತಿಯ ಮಾತೇ ಉಳಿಯುವುದಿಲ್ಲ.

1989ರ ‘ವಿಜಯನಗರ’ ಗ್ರಂಥದಲ್ಲಿ ಸ್ಟೈನ್ ತಮ್ಮ ವಾದವನ್ನು ಸಡಿಲಿಸಿದರು. ಬ್ರಾಹ್ಮಣ ದಂಡನಾಯಕರ ಕೈಗೆ ಕೋಟೆಗಳು, ಪರದೇಶದ ಫಿರಂಗಿಗಾರರು, ಕಾಡುಜನರಿಂದ ಆಯ್ದ ಕಾಲಾಳುಗಳು, ಸಣ್ಣ ಪಾಳೆಯಗಾರರ ಆಸರೆ ಇವುಗಳ ಮೂಲಕ ಕೃಷ್ಣದೇವರಾಯನು ದೊಡ್ಡ ನಾಯಕರ ಬಲವನ್ನು ಕುಗ್ಗಿಸಲು ಯತ್ನಿಸಿದನೆಂದು ಅವರು ಇಲ್ಲಿ ಒಪ್ಪುತ್ತಾರೆ. ಎಂದರೆ ನಾಯಕತ್ವವೆಂಬ ಅಂಶ ಹಿಂಬಾಗಿಲಿನಿಂದ ಮರಳಿ ಬರುತ್ತದೆ. ವಿಜಯನಗರವನ್ನು ಕುರಿತು ಸ್ಟೈನರನ್ನು ಉಲ್ಲೇಖಿಸುವವರು 1980ರ ಗ್ರಂಥಕ್ಕೇ ನಿಂತರೆ ಅವರಿಗೆ ನ್ಯಾಯ ಮಾಡಿದಂತಾಗುವುದಿಲ್ಲ.

ನೊಬೊರು ಕರಾಷಿಮಾ ಅವರದು ಬೇರೆ ದಾರಿ. ಹೊರಗಿನ ಮಾದರಿಯಿಂದ ಆರಂಭಿಸದೆ ಅವರು ತಮಿಳುನಾಡಿನ ಶಾಸನಗಳನ್ನು ಒಂದೊಂದಾಗಿ ಎಣಿಸಿ, ವರ್ಗೀಕರಿಸಿ ಮುಂದುವರಿದರು. 1992ರ ಗ್ರಂಥದಲ್ಲಿ ಅವರು ಕಂಡುಕೊಂಡುದು ಸ್ಥೂಲವಾಗಿ ಹೀಗಿದೆ: ನಾಯಕರು ಅರಸನಿಂದ ಸೀಮೆಯನ್ನು ಪಡೆದು, ಅದನ್ನು ತಮ್ಮ ಕೆಳಗಿನವರಿಗೆ ಹಂಚಿಕೊಟ್ಟು, ಭೂಮಿ ಮತ್ತು ಕಸುಬುಗಳೆರಡರ ಮೇಲೂ ಹಿಡಿತ ಸಾಧಿಸಿದ ಒಡೆಯರು, ಅವರ ಬಲ 16ನೆಯ ಶತಮಾನದಲ್ಲಿ ಗಟ್ಟಿಯಾಯಿತು. ಈ ವ್ಯವಸ್ಥೆಗೆ ಊಳಿಗಮಾನ್ಯವೆಂಬ ಹೆಸರು ಸಲ್ಲುತ್ತದೆಂದು ಅವರ ಮತ. ವೈ. ಸುಬ್ಬರಾಯಲು ಅವರೊಡನೆ ಅವರು ಪರಿಶೀಲಿಸಿದ 1429ರ ಶಾಸನಗಳು ವಿಶೇಷವಾಗಿ ಉಲ್ಲೇಖಾರ್ಹ. ಇಮ್ಮಡಿ ದೇವರಾಯನ ಕಾಲದ ಈ ಬರಹಗಳಲ್ಲಿ ಕಾವೇರಿ ಬಯಲಿನ ಬಲಗೈ ಮತ್ತು ಎಡಗೈ ಪಣಗಳೆರಡೂ ಒಟ್ಟಾಗಿ, ಅರಸನ ಅಧಿಕಾರಿಗಳೂ ಭೂಮಾಲೀಕರೂ ಹೇರಿದ ಅತಿಯಾದ ತೆರಿಗೆಯನ್ನು ತೆರುವುದಿಲ್ಲವೆಂದು ಕಟ್ಟು ಮಾಡಿಕೊಂಡ ವಿವರವಿದೆ. ತೆರಿಗೆ ಎತ್ತುವ ಶಕ್ತಿಯೇ ಇಲ್ಲದ ಪ್ರಭುತ್ವದ ವಿರುದ್ಧ ಇಂಥ ಕಟ್ಟು ಹುಟ್ಟಲಾರದು. ಸ್ಟೈನರ ಮೊದಲ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇರೆ ಇಲ್ಲವೆಂದು ನಮ್ಮ ತಿಳಿವಳಿಕೆ.

ಆದರೆ ಕರಾಷಿಮಾ ಅವರ 1992ರ ನಿರ್ಣಯಗಳಿಗೂ ಒಂದು ಮಿತಿಯಿದೆ. ತಮಿಳು ಸೀಮೆ ಗೆದ್ದುಕೊಂಡ ನಾಡು; ಅಲ್ಲಿಗೆ ಬಂದ ನಾಯಕರಲ್ಲಿ ಅನೇಕರು ಹೊರಗಿನವರು. ಗೆದ್ದ ನಾಡಿನಲ್ಲಿ ಪ್ರಭುತ್ವವು ತೋರಿದ ಮುಖವೇ ತುಂಗಭದ್ರೆಯ ತೀರದ ಮೂಲ ನೆಲದಲ್ಲೂ ಇದ್ದಿತೆಂದು ಊಹಿಸಲು ಬೇರೆ ಆಧಾರ ಬೇಕು. 2002ರಲ್ಲಿ ಅವರು ಹೊರತಂದ ನಾಯಕರ ಶಾಸನಸೂಚಿ ದಕ್ಷಿಣದ ಬೇರೆ ಭಾಗಗಳ ಶಾಸನಗಳಿಗೂ ಹರಡಿಕೊಂಡಿತೆಂಬುದು ಈ ಮಿತಿಯನ್ನು ಅವರೂ ಅರಿತಿದ್ದುದಕ್ಕೆ ಸಾಕ್ಷಿ.

4

ಗ್ರಂಥಗಳ ಹೊರಗಿನಿಂದ ಬಂದ ಸಾಕ್ಷ್ಯವೂ ಉಂಟು. ಕ್ಯಾಥ್ಲೀನ್ ಮಾರಿಸನ್ ಅವರು ಹಂಪಿಯ ಸುತ್ತಲಿನ ಕೆರೆ, ಕಾಲುವೆ, ಮೆಟ್ಟಿಲುಹೊಲಗಳನ್ನು ಕಾಲ್ನಡೆಯಲ್ಲಿ ಸಮೀಕ್ಷಿಸಿ, ಕಮಲಾಪುರದ ಕೆರೆಯ ಹೂಳಿನಲ್ಲಿ ಉಳಿದ ಪರಾಗಕಣಗಳನ್ನು ಪರೀಕ್ಷಿಸಿ 1995ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬೇಸಾಯದ ವಿಸ್ತರಣೆ ಒಂದೇ ಏರುದಾರಿಯಲ್ಲಿ ನಡೆಯಲಿಲ್ಲವೆಂಬುದು ಅವರ ಮುಖ್ಯ ನಿರ್ಣಯ. ರಾಜಧಾನಿಯ ಆರಂಭದ ಕಾಲದಲ್ಲಿ ಒಮ್ಮೆ, 16ನೆಯ ಶತಮಾನದ ಮೊದಲ ಭಾಗದಲ್ಲಿ ಮತ್ತೊಮ್ಮೆ ಅದು ತೀವ್ರಗೊಂಡಿತು. ನದಿಯ ಕಾಲುವೆಯ ಭತ್ತದ ಗದ್ದೆಗಳ ಜೊತೆಗೆ ಮಳೆನೀರಿನ ಕೆರೆಗಳ ಕೆಳಗಿನ ಬೇಸಾಯ, ಬರೀ ಮಳೆಯನ್ನೇ ನಂಬಿದ ಒಣಬೇಸಾಯ ಇವೂ ಒಟ್ಟೊಟ್ಟಿಗೆ ಬೆಳೆದವು. ಕಾರ್ಲಾ ಸಿನೊಪೊಲಿ ಅವರು 2003ರಲ್ಲಿ ಕುಶಲಕರ್ಮಿಗಳ ಬಗ್ಗೆ ನಡೆಸಿದ ವಿವೇಚನೆಯೂ ಇದೇ ದಿಕ್ಕಿನದು. ಎಲ್ಲ ಕಸುಬುಗಳನ್ನೂ ಅರಮನೆ ಒಂದೇ ಸಮನೆ ನಿಯಂತ್ರಿಸಲಿಲ್ಲ.

ಈ ಶೋಧನೆಗಳು ವ್ಯಕ್ತಿಕೇಂದ್ರಿತ ವಾದವನ್ನು ಮಿತಗೊಳಿಸುತ್ತವೆ. ಕೃಷ್ಣದೇವರಾಯನಿಗಿಂತ ಬಹು ಹಿಂದೆ, 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ ಶಾಸನವಿದೆ. ಎರಡು ವರ್ಷ ಸಾವಿರ ಆಳು, ನೂರು ಬಂಡಿ ದುಡಿದುದನ್ನೂ, ಒಳ್ಳೆಯ ಕೆರೆಯ ಗುಣಗಳನ್ನೂ ಕೆಟ್ಟ ಕೆರೆಯ ದೋಷಗಳನ್ನೂ ಅದು ಎಣಿಸುತ್ತದೆ. 1388ರಲ್ಲಿ ಪೆನುಕೊಂಡೆಗೆ ಹೆನ್ನೆಯ ನೀರನ್ನು ತರುವ ಕಾರ್ಯವನ್ನು ಜಲಸೂತ್ರದ ಸಿಂಗಾಯಭಟ್ಟನು ನಡೆಸಿದನೆಂದು ಕನ್ನಡ ಶಾಸನವೇ ಹೇಳುತ್ತದೆ. ಎಂದರೆ 16ನೆಯ ಶತಮಾನದ ಅರಸನು ಹೊಸದೊಂದು ನೀತಿಯನ್ನು ಸೃಷ್ಟಿಸಲಿಲ್ಲ. ಒಂದೂವರೆ ಶತಮಾನದಷ್ಟು ಹಳೆಯದಾದ, ಅನೇಕರ ಕೈಯಲ್ಲಿ ಬೆಳೆದ ರೂಢಿಯನ್ನು ಹೆಚ್ಚಿನ ಬಲದಿಂದ ಮುಂದುವರಿಸಿದನು. ಇದರಿಂದ ಅವನ ಹಿರಿಮೆ ಕುಂದುವುದಿಲ್ಲ. ಅದರ ಸ್ವರೂಪ ಸ್ಪಷ್ಟವಾಗುತ್ತದೆ.

5

ಇನ್ನು ಸಾಹಿತ್ಯದ ಸಾಕ್ಷ್ಯಕ್ಕೆ ಬರೋಣ. ಕೃಷ್ಣದೇವರಾಯನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗವನ್ನು ಇತಿಹಾಸಕಾರರು ಅವನ ಆಡಳಿತದ ಪ್ರಣಾಳಿಕೆಯಂತೆ ಬಳಸುತ್ತ ಬಂದಿದ್ದಾರೆ. ಈ ಬಳಕೆಗೆ ನಮ್ಮ ಆಕ್ಷೇಪವಿದೆ. ಆ ಮಾತುಗಳು ಕಾವ್ಯದೊಳಗೆ ಯಾಮುನಾಚಾರ್ಯನು ತನ್ನ ಮಗನಿಗೆ ಹೇಳುವ ಬುದ್ಧಿಮಾತುಗಳು. ನೀತಿಬೋಧೆಗೆ ಸಂಸ್ಕೃತದಿಂದ ಹರಿದುಬಂದ ದೀರ್ಘ ಸಂಪ್ರದಾಯವಿದೆ. ಅರಸನು ಆರನೆಯ ಒಂದು ಪಾಲನ್ನು ಕೊಳ್ಳಬೇಕೆಂದು ಸ್ಮೃತಿ ಹೇಳಿದೊಡನೆ ಕೊಂಡುದು ಅಷ್ಟೇ ಎಂದು ಯಾರೂ ನಂಬುವುದಿಲ್ಲವಷ್ಟೆ.

ಹಾಗೆಂದು ಈ ಭಾಗವನ್ನು ತಳ್ಳಿಹಾಕಬೇಕಾಗಿಲ್ಲ. ಸಂಪ್ರದಾಯ ಎಲ್ಲಿ ಮುಗಿದು ಸಮಕಾಲೀನ ಅನುಭವ ಎಲ್ಲಿ ತೊಡಗುತ್ತದೆಂದು ಬೇರ್ಪಡಿಸುವುದು ಸಾಹಿತ್ಯಾಭ್ಯಾಸಿಯ ಕೆಲಸ. ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ಊರು, ಮನೆ, ಲಾಭಗಳನ್ನು ಕೊಟ್ಟು ಆ ಸರಕು ಶತ್ರುಗಳ ಪಾಲಾಗದಂತೆ ನೋಡಿಕೊಳ್ಳಬೇಕೆಂಬ ಮಾತು ಗೋವೆಯ ಪೋರ್ಚುಗೀಸರನ್ನೂ ಬಿಜಾಪುರವನ್ನೂ ಎದುರಿಗಿಟ್ಟುಕೊಂಡವನ ಮಾತು. ನಾಡು ಚಿಕ್ಕದಾದರೂ ಕೆರೆಕಾಲುವೆಗಳನ್ನು ತೆಗೆಸಿ ಬಡ ಒಕ್ಕಲಿಗೆ ತೆರಿಗೆಯನ್ನು ಇಳಿಸಿದರೆ ಧರ್ಮಾರ್ಥಗಳೆರಡೂ ಬೆಳೆಯುತ್ತವೆಂಬ ಮಾತಿಗೆ ನ್ಯೂನಿಜನ ಕೆರೆಯ ಕಥೆ ಹೊಂದುತ್ತದೆ. ಇದಕ್ಕಿಂತ ಗಮನಾರ್ಹವಾದುದು ಇನ್ನೊಂದು ಪದ್ಯ. ಕಷ್ಟ ತಾಳದೆ ಊರು ಬಿಟ್ಟ ಒಕ್ಕಲನ್ನು ಮರಳಿ ಕರೆಯದೆ, ಅವರು ಬಿಟ್ಟುಹೋದ ದನವನ್ನೂ ಧಾನ್ಯವನ್ನೂ ಮಾರಲು ಹವಣಿಸುವ ಅಧಿಕಾರಿಯನ್ನು ಕವಿ ರಣರಂಗದ ನರಿಗೆ ಹೋಲಿಸುತ್ತಾನೆ. ಒಕ್ಕಲು ಓಡಿಹೋಗುವುದು, ಅಧಿಕಾರಿ ಅದರಿಂದ ಲಾಭ ಪಡೆಯುವುದು ಅಂದು ಪರಿಚಿತ ಸಂಗತಿಗಳಾಗಿದ್ದುವೆಂದಾಯಿತು. ನ್ಯೂನಿಜನ ಎರಡನೆಯ ಹೇಳಿಕೆಗೆ ಅರಸನ ಕಾವ್ಯವೇ ಹೀಗೆ ಸಾಕ್ಷಿ ನುಡಿಯುತ್ತದೆ. ಹತ್ತರಲ್ಲಿ ಒಂಬತ್ತೆಂಬ ಲೆಕ್ಕವನ್ನು ಅಕ್ಷರಶಃ ಸ್ವೀಕರಿಸಲಾಗದು, ಉಳಿದ ಒಂದು ಪಾಲಿನಲ್ಲಿ ಯಾವ ಒಕ್ಕಲೂ ಬದುಕಲಾರದು. ಆದರೆ ಹೇಳಿಕೆಯ ಹುರುಳನ್ನು ಅಲ್ಲಗಳೆಯುವಂತಿಲ್ಲ.

ಕನ್ನಡದಿಂದ ಒಂದು ಉದಾಹರಣೆ. ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಇತಿಹಾಸಕಾರರು ಅರ್ಥನೀತಿಯ ಚರ್ಚೆಗೆ ಕರೆತಂದುದು ಅಪರೂಪ. ಭತ್ತ ಮತ್ತು ರಾಗಿಗಳ ಜಗಳದಲ್ಲಿ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಉಳಿಯುತ್ತದೆ. ಮೇಲುಕೀಳಿನ ಸಾಮಾಜಿಕ ವಿಡಂಬನೆಯೆಂದು ಇದನ್ನು ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ಭತ್ತ ನೀರಾವರಿಯ ಬೆಳೆ, ದೇವಾಲಯದ ನೈವೇದ್ಯದ ಬೆಳೆ, ದಾನಶಾಸನಗಳ ಬೆಳೆ. ರಾಗಿ ಮಳೆಯ ಹೊಲದ ಬೆಳೆ. ಪರಂಪರೆಯು ನಾಯಕನೆಂದು ಹೇಳುವ ವ್ಯಕ್ತಿಯೊಬ್ಬ, ಕೆರೆಕಾಲುವೆಗಳ ಶತಮಾನದಲ್ಲಿ, ರಾಗಿಯ ಪಕ್ಷ ವಹಿಸಿದುದು ಆಕಸ್ಮಿಕವಿರಲಾರದು. ಕಾವ್ಯವು ಕಂದಾಯದ ಕಡತವಲ್ಲ; ಇದರಿಂದ ತೆರಿಗೆಯ ದರವನ್ನು ಲೆಕ್ಕ ಹಾಕುವುದು ಹಾಸ್ಯಾಸ್ಪದ. ಆದರೆ ಸಮೃದ್ಧಿಯ ಅಳತೆಗೋಲು ಯಾವುದಾಗಬೇಕೆಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಮಾರಿಸನ್ ಅವರು ನೆಲದಲ್ಲಿ ಕಂಡ ಒಣಬೇಸಾಯಕ್ಕೆ ಕನ್ನಡ ಕಾವ್ಯದಲ್ಲಿ ದನಿಯಿದೆ.

6

ಕೊನೆಯದಾಗಿ ಕನ್ನಡ ಶಾಸನಗಳು. ಇವುಗಳ ಭಾಷೆಯೇ ನಮಗೆ ಒಂದು ದಾರಿಯನ್ನು ತೋರುತ್ತದೆ. ಭಂಡಾರವಾಡ, ಅಮರ, ಮಾನ್ಯ ಎಂಬ ಮೂರು ಪದಗಳು ಭೂಮಿಯ ಹುಟ್ಟುವಳಿ ಯಾರಿಗೆ ಸಲ್ಲುತ್ತದೆಂಬುದನ್ನು ಬೇರ್ಪಡಿಸುತ್ತವೆ: ಅರಮನೆಗೆ, ದಂಡು ಸಾಕುವ ನಾಯಕನಿಗೆ, ದೇವರು ಬ್ರಾಹ್ಮಣರು ಮೊದಲಾದವರಿಗೆ. ಕೆರೆ ಕಟ್ಟಿದವನಿಗೆ, ಕಾಯ್ದವನಿಗೆ ಬಿಡುವ ಭೂಮಿಗೆ ದಶವಂದ, ಕೆರೆಗೊಡಗೆ ಮುಂತಾದ ಹೆಸರುಗಳು ಬೇರೆ. ಪ್ರಭುತ್ವ ಬಲವಾಗಿತ್ತೋ ದುರ್ಬಲವಾಗಿತ್ತೋ ಎಂದು ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಯನ್ನು ಕೇಳುವ ಬದಲು, ಯಾವ ಬಗೆಯ ಭೂಮಿಯಲ್ಲಿ ಯಾರ ಮಾತು ನಡೆಯುತ್ತಿತ್ತೆಂದು ಕೇಳುವುದು ಉಚಿತ. ಹಾಗೆ ಕೇಳಿದೊಡನೆ ನ್ಯೂನಿಜನ ಎರಡು ಹೇಳಿಕೆಗಳ ವಿರೋಧ ಸಡಿಲವಾಗುತ್ತದೆ. ಒಂಬತ್ತು ವರ್ಷದ ವಿನಾಯಿತಿ ರಾಜಧಾನಿಯ ಬಳಿ, ಅರಸನ ನೇರ ಹಿಡಿತದಲ್ಲಿದ್ದ ನೆಲದ್ದು. ದಬ್ಬಾಳಿಕೆಯ ಮಾತು ನಾಯಕರ ಸೀಮೆಗಳದು. ಆ ನಾಯಕರ ಭೂಮಿಯ 120 ಲಕ್ಷದ ಹುಟ್ಟುವಳಿಯಲ್ಲಿ 60 ಲಕ್ಷವನ್ನು ಅರಸನಿಗೆ ಕೊಟ್ಟು ಉಳಿದುದರಲ್ಲಿ ದಂಡನ್ನೂ ಆನೆಗಳನ್ನೂ ಸಾಕಬೇಕಿತ್ತೆಂದು ಅವನೇ ಬರೆದಿದ್ದಾನೆ. ಅರಸನ ಕೇಳಿಕೆ ನಾಯಕನ ಮೇಲೆ, ನಾಯಕನ ಕೇಳಿಕೆ ಒಕ್ಕಲಿನ ಮೇಲೆ. ಒಂದೆಡೆಯ ಔದಾರ್ಯ ಮತ್ತೊಂದೆಡೆಯ ಒತ್ತಡದೊಡನೆ ಬದುಕಬಲ್ಲುದು.

ಸುಂಕದ ಮಾಫಿಯನ್ನೇ ನೋಡಬಹುದು. ಮದುವೆ ಸುಂಕವನ್ನು ಬಿಟ್ಟ ಕೃಷ್ಣದೇವರಾಯನ ಕಾಲದ ಶಾಸನಗಳನ್ನು ಮೊದಲ ಪರಂಪರೆ ಅರಸನ ದಯೆಯೆಂದು ಓದುತ್ತದೆ. 1429ರ ಕಟ್ಟನ್ನು ನೆನೆದವರು ಕೆಳಗಿನ ಒತ್ತಡಕ್ಕೆ ಪ್ರಭುತ್ವ ಮಣಿದ ಗುರುತೆನ್ನಬಹುದು. ಸದಾಶಿವರಾಯನ ಕಾಲದ, 1540ರ ದಶಕದ ನಾಪಿತರ ಶಾಸನಗಳು ಈ ಎರಡಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲ. ಬಾದಾಮಿಯ ನಾಪಿತ ಕೊಂಡೋಜನನ್ನು ಮೆಚ್ಚಿ ಅಳಿಯ ರಾಮರಾಜನು ನಾಪಿತರ ತೆರಿಗೆ, ಬಿಟ್ಟಿಗಳನ್ನು ಬಿಡಿಸಿದನು. ಇಲ್ಲಿ ದಂಗೆಯಿಲ್ಲ, ಸಾರ್ವತ್ರಿಕ ನೀತಿಯೂ ಇಲ್ಲ. ಅಧಿಕಾರದ ಬಳಿಗೆ ಹೋಗಬಲ್ಲ ಒಬ್ಬ ಕಸುಬುಗಾರನು ತನ್ನವರೆಲ್ಲರಿಗೆ ಪಡೆದ ಅನುಕೂಲ ಇದು. ಈ ಮಾಫಿಯನ್ನು ಕನ್ನಡ ಸೀಮೆಯ ಹಲವೆಡೆ ಬೇರೆಬೇರೆಯಾಗಿ ಕಲ್ಲಿನಲ್ಲಿ ಬರೆಸಬೇಕಾಯಿತೆಂಬುದು ಅಷ್ಟೇ ಮುಖ್ಯ. ಮೇಲಿನ ಆಜ್ಞೆ ತಾನಾಗಿ ಜಾರಿಯಾಗುವ ವ್ಯವಸ್ಥೆ ಅದಾಗಿರಲಿಲ್ಲ. ಆದರೆ ಆ ಆಜ್ಞೆಯನ್ನು ಕಡೆಗಣಿಸುವುದೂ ಸಾಧ್ಯವಿರಲಿಲ್ಲ.

ಶಾಸನಗಳ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲ್ಲಿನಲ್ಲಿ ಬರೆಸಿದವರು ಕೊಟ್ಟವರು ಅಥವಾ ಪಡೆದವರು. ಊರು ಬಿಟ್ಟುಹೋದ ಒಕ್ಕಲು ತನ್ನ ಮಾತನ್ನು ಎಲ್ಲಿಯೂ ಕೊರೆಸಲಿಲ್ಲ. ಮಾಫಿಗಳ ಸಂಖ್ಯೆಯನ್ನು ಎಣಿಸಿ ಪ್ರಜೆಗಳ ಸುಖವನ್ನು ಅಳೆಯುವವರು ಇದನ್ನು ಮರೆಯಬಾರದು.

7

ಒಟ್ಟಿನಲ್ಲಿ ನಮ್ಮ ತೀರ್ಮಾನ ಹೀಗಿದೆ. ಅರಸರಿಗೆ ಅರ್ಥನೀತಿಯ ಆಲೋಚನೆಯಿತ್ತೆಂಬ ಮೊದಲ ಪರಂಪರೆಯ ವಾದ ಸರಿ. ಆಲೋಚನೆಯೇ ಫಲವೆಂದು ಅದು ಭಾವಿಸಿದುದು ಸರಿಯಲ್ಲ. ರಾಜ್ಯಕ್ಕೆಲ್ಲ ಒಂದೇ ಕಂದಾಯದ ಯಂತ್ರವಿರಲಿಲ್ಲವೆಂಬ ಸ್ಟೈನರ ವಾದ ನಿಲ್ಲುತ್ತದೆ; ಒಡೆತನವೆಲ್ಲ ವಿಧಿರೂಪದ್ದೆಂಬುದು ನಿಲ್ಲುವುದಿಲ್ಲ. ನಾಯಕರ ಹಿಡಿತವನ್ನು ಕುರಿತ ಕರಾಷಿಮಾ ಅವರ ವಾದವೇ ಆಧಾರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು. ಅದನ್ನು ತುಂಗಭದ್ರೆಯ ನೆಲಕ್ಕೆ ವಿಸ್ತರಿಸುವ ಕೆಲಸ ಕನ್ನಡ ಶಾಸನಗಳನ್ನು ಮೂಲದಲ್ಲೇ ಓದಬಲ್ಲವರಿಂದ ಆಗಬೇಕು.

ಇದು ಕೇವಲ ಪಂಡಿತರ ವಿವಾದವಲ್ಲ. 2010ರಲ್ಲಿ ಹಂಪಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಐನೂರನೆಯ ವರ್ಷದ ಉತ್ಸವ ನಡೆಯಿತು. ಬೀದಿಯಲ್ಲಿ ಮುತ್ತುರತ್ನಗಳನ್ನು ಅಳೆದು ಮಾರಿದ ಚಿತ್ರ ಶಾಲೆಯ ಪುಸ್ತಕದಿಂದ ಸಭೆಯ ಭಾಷಣದವರೆಗೆ ಇಂದಿಗೂ ಬಳಕೆಯಲ್ಲಿದೆ. ಆಳುವವನು ಒಳ್ಳೆಯವನಾದರೆ ನಾಡು ತಾನಾಗಿ ಸುಭಿಕ್ಷವಾಗುತ್ತದೆಂಬ ನಂಬಿಕೆಗೆ ಈ ಚಿತ್ರ ಆಸರೆ. ಆ ನಂಬಿಕೆ ಪ್ರಜೆಗೆ ಹಿತಕರವಲ್ಲ. ಕೆರೆಯ ಏರಿಗೆ ಮಣ್ಣು ಹೊತ್ತವರು, ದಶವಂದದ ಭೂಮಿಯಲ್ಲಿ ತಲೆತಲಾಂತರ ತೂಬು ಕಾಯ್ದವರು, ತೆರಿಗೆ ತೆರುವುದಿಲ್ಲವೆಂದು ಕಲ್ಲಿನಲ್ಲಿ ಬರೆಸಿದವರು ಆ ಚಿತ್ರದಿಂದ ಹೊರಗುಳಿಯುತ್ತಾರೆ.

ನಾಡಿನ ಹೊರಗೆ ಕನ್ನಡವನ್ನು ಅಭ್ಯಸಿಸುವ ನಮಗೆ ಇಲ್ಲಿ ಒಂದು ವಿಶೇಷ ಅವಕಾಶವಿದೆ. ಚೆನ್ನೈಯಲ್ಲಿರುವ ಕನ್ನಡ ಸಂಶೋಧಕನ ನೆರೆಯಲ್ಲೇ ತಮಿಳು ಶಾಸನಗಳ ಓದಿದೆ. ಹೈದರಾಬಾದಿನವನಿಗೆ ತೆಲುಗಿನ ಆಧಾರಗಳು ಹತ್ತಿರ. ಗೋವೆ ಮುಂಬಯಿಗಳಲ್ಲಿರುವವರಿಗೆ ಪೋರ್ಚುಗೀಸ್ ಬಲ್ಲವರ ಸಹಾಯ ಸಿಗಬಲ್ಲುದು. ವಿಜಯನಗರ ಒಂದು ಭಾಷೆಯ ರಾಜ್ಯವಾಗಿರಲಿಲ್ಲ. ಬಿ. ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಒಂದು ಕೈಯಲ್ಲಿಯೂ ನೆರೆಭಾಷೆಯ ಶಾಸನಗಳನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಒಂದೇ ಒಂದು ಸೀಮೆಯ ಭಂಡಾರವಾಡ, ಅಮರ, ಮಾನ್ಯಗಳ ಲೆಕ್ಕವನ್ನು ಯಾರಾದರೂ ಬಿಡಿಸಿದರೆ, ಈ ಲೇಖನದಲ್ಲಿ ನಾವು ಊಹೆಯಾಗಿ ಮುಂದಿಟ್ಟುದು ನಿಲ್ಲುವುದೋ ಬೀಳುವುದೋ ತಿಳಿದೀತು. ಬಿದ್ದರೂ ನಮಗೆ ಸಂತೋಷವೇ.